ಚೀನಾದಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಆಫರ್ ಬಂದಿದೆ, ಹೋಗಬಹುದಾ? ಅಲ್ಲಿ ದಿನ ಹೇಗಿರುತ್ತೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವಳು. ಈಗ ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಇಂಗ್ಲಿಷ್ ಹೇಳ್ಕೊಡ್ತಿದೀನಿ. ಎಂ.ಎ., ಬಿ.ಎಡ್. ಎರಡೂ ಆಗಿದೆ. ಒಂದು ಜಾಬ್ ಸೈಟಿನಲ್ಲಿ ಸುಮ್ನೆ ರೆಸ್ಯೂಮೆ ಹಾಕಿದ್ದೆ, ಚೀನಾದ ಏಜೆಂಟ್ ಒಬ್ಬ ಮೆಸೇಜ್ ಮಾಡಿದ. ಹೆನಾನ್ ಪ್ರಾಂತ್ಯದ ಒಂದು ಊರು, ಕಿಂಡರ್‌ಗಾರ್ಟನ್, ತಿಂಗಳಿಗೆ 14,000 ಯುವಾನ್, ಮನೆ ಅವರೇ ಕೊಡ್ತಾರಂತೆ. ಡಿಗ್ರಿ ಸರ್ಟಿಫಿಕೇಟ್ ಕೇಳಲಿಲ್ಲ, ಮೊದಲು ಕೇಳಿದ್ದೇ ಫೋಟೊ ಮತ್ತು ಒಂದು ನಿಮಿಷದ ವಿಡಿಯೊ. "ಮೊದಲು ಬಿಸಿನೆಸ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸಿ ಕೊಡ್ತೀವಿ" ಅಂತಾನೆ. ಇನ್ನೊಂದು ಮಾತು ಹೇಳಿದ, ಅದೇ ಮನಸ್ಸಿಗೆ ಚುಚ್ತಾ ಇದೆ: ಪೋಷಕರು ಯಾರಾದ್ರೂ ಕೇಳಿದ್ರೆ ಸೌತ್ ಆಫ್ರಿಕಾದವಳು ಅನ್ನಬೇಕಂತೆ.

ಅಲ್ಲಿ ಪಾಠ ಮಾಡಿದವರು, ಮಾಡ್ತಿರೋರು ಯಾರಾದ್ರೂ ಇದ್ದೀರಾ? ಕೆಲಸ ನಿಜವಾ ಸುಳ್ಳಾ ಅನ್ನೋದು ಒಂದು. ಶಾಲೆ ಹೇಗಿರುತ್ತೆ, ಮಕ್ಕಳು ಹೇಗೆ, ಬೆಳಿಗ್ಗೆಯಿಂದ ಸಂಜೆವರೆಗೆ ಏನು ನಡೆಯುತ್ತೆ, ಅದೂ ತಿಳ್ಕೋಬೇಕು. ನಾನು ಸಸ್ಯಾಹಾರಿ, ಮೊಟ್ಟೆ ತಿನ್ನಬಲ್ಲೆ.

ಧಾರವಾಡ ಪೇಡಾ

ಅಕ್ಕಾರ, ಮೊದಲ ಆ ಏಜೆಂಟಗ ಉತ್ತರ ಕೊಡೂದು ನಿಲ್ಲಸ್ರಿ.

ನಾ ಸುಝೌದಾಗ ಇರ್ತೀನಿ, ಇಂಡಿಯನ್ ಪಾಸ್‌ಪೋರ್ಟ್, ಗಣಿತ ಮತ್ತ ಫಿಜಿಕ್ಸ್ ಕಲಸ್ತೀನಿ. ಇಲ್ಲಿ ಕೆಲಸಾ ಮಾಡಬೇಕಂದ್ರ ಝಡ್ ವೀಸಾ ಒಂದ ದಾರಿ. ಶಾಲೆಯವರು ಮೊದಲ ನಿಮ್ಮ ಹೆಸರಿನ್ಯಾಗ ಕೆಲಸದ ಪರವಾನಗಿ ಸೂಚನಾಪತ್ರ ತಗಸಬೇಕು, ಅದನ್ನ ಹಿಡಕೊಂಡ ನೀವು ಭಾರತದಾಗ ಝಡ್ ವೀಸಾ ತಗೋಬೇಕು, ಇಲ್ಲಿ ಇಳದ 30 ದಿನದ ಒಳಗ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಬಿಸಿನೆಸ್ ವೀಸಾ ಅಂದ್ರ ಎಂ ವೀಸಾ, ಅದು ವ್ಯಾಪಾರದವರಿಗೆ. ಅದರ ಮ್ಯಾಲೆ ಕ್ಲಾಸಿನ್ಯಾಗ ನಿಂತ್ರ ಅಕ್ರಮ ಕೆಲಸಾ ಅಂತನ ಲೆಕ್ಕ.

2013ರ ಜುಲೈ 1ರಿಂದ ಜಾರಿಯೊಳಗ ಇರೋ ಪ್ರವೇಶ–ನಿರ್ಗಮನ ಕಾನೂನಿನ ಪ್ರಕಾರ ಇದಕ್ಕ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರ ಅನ್ನಿಸಿದ್ರ ಅದರ ಜೋಡಿ 5ರಿಂದ 15 ದಿನ ಕೂಡಿ ಹಾಕ್ತಾರ. ದೇಶದಿಂದ ಹೊರಗ ಕಳಸಿದ್ರಂದ್ರ 1ರಿಂದ 5 ವರ್ಷ ತಿರುಗಿ ಬರಂಗಿಲ್ಲ, ಭಾಳ ಗಂಭೀರ ಅಂತ ಗಡೀಪಾರ ಮಾಡಿದ್ರ 10 ವರ್ಷ. ಶಾಲೆಗೂ ದಂಡ ಅದ, ಒಬ್ಬರಿಗೆ 10,000 ಯುವಾನ್, ಆದ್ರ ಅವರು ಅದನ್ನ ಖರ್ಚಿನ ಲೆಕ್ಕದಾಗ ಬರಕೊಂಡ ಮುಂದಿನ ಟೀಚರ್‌ನ ಹುಡುಕ್ತಾರ. ರಾತ್ರೋರಾತ್ರಿ ಸೂಟ್‌ಕೇಸ್ ಕಟ್ಟೂದು ನೀವು.

ಇನ್ನ ಕಿಂಡರ್‌ಗಾರ್ಟನ್ ಸುದ್ದಿ. 2021ರ ಜುಲೈದಾಗ ಟ್ಯೂಷನ್ ಮ್ಯಾಲೆ ದೊಡ್ಡ ಕಡಿವಾಣ ಹಾಕಿದ್ರಲ್ಲ, ಅವಾಗನ ಶಾಲೆಗೆ ಹೋಗೋ ವಯಸ್ಸಾಗದ ಮಕ್ಕಳಿಗೆ ಇಂಗ್ಲಿಷ್ ಕೋಚಿಂಗ್ ಮಾಡಬಾರದು ಅಂತ ಬರದ ಹಾಕ್ಯಾರ. ಆದ್ರೂ ಕೆಲವು ಕಡೆ ನಡದದ, ನಡಸೋರು ಬಾಗಲಾ ಹಾಕ್ಕೊಂಡ ನಡಸ್ತಾರ. ತಪಾಸಣೆಗೆ ಬಂದ್ರ "ಫಾರಿನ್ ಟೀಚರ್ ಹಿಂದಿನ ಬಾಗಲದಿಂದ ಹೋಗಲಿ" ಅಂತಾರ. ಸೌತ್ ಆಫ್ರಿಕಾ ಅನ್ನರಿ ಅಂದಾನಲ್ಲ, ಅದರಾಗ ಎಲ್ಲಾ ಬಂತು.

ಚಾಂಗ್‌ಶಾ ದಾವಣಗೆರೆ

ಪೇಡಾ ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ಆ ಸೌತ್ ಆಫ್ರಿಕಾ ಮಾತಿಗೆ ಕಾರಣ ಇದೆ. ಭಾಷೆ ಕಲಿಸುವವರು ಆ ಭಾಷೆ ಮಾತೃಭಾಷೆಯಾಗಿರುವ ದೇಶದವರೇ ಆಗಿರಬೇಕು ಎನ್ನುವುದು ಇಲ್ಲಿನ ನಿಯಮ. ಇಂಗ್ಲಿಷಿಗೆ ರೂಢಿಯಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ಸೌತ್ ಆಫ್ರಿಕಾ, ಇಷ್ಟೇ ಪಾಸ್‌ಪೋರ್ಟ್‌ಗಳನ್ನು ಎಣಿಸುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ. ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಅಂತ ಆ ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ. ನಾನು ದಾವಣಗೆರೆಯಲ್ಲಿ ಹುಟ್ಟಿ ಕಾಲೇಜಿಗೆ ಕೆನಡಾಕ್ಕೆ ಹೋದವನು, ಪಾಸ್‌ಪೋರ್ಟ್ ಅಲ್ಲಿಯದು, ಹಾಗಾಗಿ ದಾಟಿಕೊಂಡೆ. ನಮ್ಮ ಅಕ್ಕ ಊರಲ್ಲೇ ಇಂಗ್ಲಿಷ್ ಲೆಕ್ಚರರ್, ನನ್ನ ವ್ಯಾಕರಣ ತಿದ್ದಿದ್ದೇ ಅವಳು, ಅವಳಿಗೆ ಈ ಕೆಲಸ ಸಿಗುವುದಿಲ್ಲ. ಇದಕ್ಕೇನು ಹೇಳೋಣ!

ದಿನ ಹೇಗಿರುತ್ತೆ ಅಂದಿರಿ. ಹುನಾನ್ ಪ್ರಾಂತ್ಯದ ರಾಜಧಾನಿ ಚಾಂಗ್‌ಶಾ, ಅಲ್ಲಿನ ಒಂದು ಸರ್ಕಾರಿ ಶಾಲೆಯ ಮಟ್ಟಿಗೆ ಹೇಳಬಲ್ಲೆ.

ಬೆಳಿಗ್ಗೆ ಗೇಟಿನ ಹತ್ತಿರ ಬರುವಾಗಲೇ ಮಕ್ಕಳು ಗಟ್ಟಿಯಾಗಿ ಓದುವ ಸದ್ದು ಕೇಳುತ್ತಿರುತ್ತದೆ, ಅದು ಮೊದಲ ಪೀರಿಯಡ್‌ಗೂ ಮುಂಚಿನ ಓದು. ಸೋಮವಾರ ಧ್ವಜವಂದನೆ. ನಡುವೆ ಒಂದು ದೊಡ್ಡ ಬಿಡುವಿನಲ್ಲಿ ಇಡೀ ಶಾಲೆ ಮೈದಾನಕ್ಕೆ ಇಳಿದು ಧ್ವನಿವರ್ಧಕದ ಲೆಕ್ಕಕ್ಕೆ ಕವಾಯತು ಮಾಡುತ್ತದೆ. ಆಮೇಲೆ ಕಣ್ಣಿನ ವ್ಯಾಯಾಮ. ಇದನ್ನು ಮೊದಲ ಸಲ ನೋಡಿದಾಗ ನಾನು ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟೆ. ಸ್ಪೀಕರಿನಲ್ಲಿ ಸಂಗೀತ ಶುರುವಾಯಿತು, ಹೆಂಗಸಿನ ದನಿ ಒಂದು ಎರಡು ಮೂರು ಅಂತ ಎಣಿಸತೊಡಗಿತು, ಐವತ್ತು ಮಕ್ಕಳು ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿ ಹುಬ್ಬಿನ ಬುಡ, ಮೂಗಿನ ಎರಡು ಬದಿ, ಕೆನ್ನೆಯ ಎಲುಬು ಒತ್ತಿಕೊಳ್ಳುತ್ತಿದ್ದಾರೆ. ಕಣ್ಣು ಬಿಟ್ಟವನ ಹೆಸರು ಬರೆದುಕೊಳ್ಳಲು ಒಬ್ಬಳು ಡೆಸ್ಕುಗಳ ನಡುವೆ ಓಡಾಡುತ್ತಾಳೆ. 1960ರ ದಶಕದಿಂದ ಇದು ನಡೆದುಕೊಂಡು ಬಂದಿದೆ. ಕನ್ನಡಕದ ಸಂಖ್ಯೆ ಕಡಿಮೆಯಾದ ಹಾಗೆ ನನಗಂತೂ ಕಾಣಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸ್ಟೀಲ್ ತಟ್ಟೆ, ಅನ್ನ, ಎರಡು ಮೂರು ಪಲ್ಯ, ನೀರಿನಂಥ ಸೂಪು. ಊಟವಾದ ಮೇಲೆ ನಿದ್ದೆ. ತಮಾಷೆಗೆ ಹೇಳುತ್ತಿಲ್ಲ, ಅದು ವೇಳಾಪಟ್ಟಿಯಲ್ಲೇ ಇದೆ. ಪರದೆ ಎಳೆದು ದೀಪ ಆರಿಸುತ್ತಾರೆ, ಮಕ್ಕಳು ಡೆಸ್ಕಿನ ಮೇಲೆ ಪುಟ್ಟ ದಿಂಬಿಟ್ಟು ಮುಖ ಒತ್ತಿ ಮಲಗುತ್ತಾರೆ. ಸ್ಟಾಫ್ ರೂಮಿನಲ್ಲಿ ಬೀರುವಿನ ಹಿಂದಿನಿಂದ ಮಡಿಸುವ ಮಂಚಗಳು ಹೊರಬರುತ್ತವೆ. ಎರಡು ಗಂಟೆಯ ಬೆಲ್‌ವರೆಗೆ ಕಾರಿಡಾರಿನಲ್ಲಿ ಬೂಟಿನ ಸದ್ದು ಮಾಡಿದರೆ ನೀವೇ ಅಪರಾಧಿ.

ನನ್ನ ಕ್ಲಾಸು ಮೌಖಿಕ ಇಂಗ್ಲಿಷ್. ಒಂದೊಂದು ಸೆಕ್ಷನ್‌ಗೆ ವಾರಕ್ಕೆ ಒಂದೇ ಸಲ, 40 ನಿಮಿಷ. ಅಂಥ ಹದಿನಾರು ಸೆಕ್ಷನ್. ಏಳೆಂಟು ನೂರು ಮಕ್ಕಳು, ಯಾರ ಹೆಸರು ನೆನಪಿಡೋದು? ಅವರೇ ಇಟ್ಟುಕೊಂಡ ಇಂಗ್ಲಿಷ್ ಹೆಸರುಗಳು ಬೇರೆ: ಆಪಲ್, ಕ್ಯಾಂಡಿ, ಬಾಸ್ಕೆಟ್‌ಬಾಲ್ ಆಟಗಾರನ ಹೆಸರಿಟ್ಟುಕೊಂಡು ಒಂದೇ ಕ್ಲಾಸಿನಲ್ಲಿ ಮೂರು ಜನ ಕೋಬಿ. ಒಳಗೆ ಹೋಗಿ "ಹೌ ಆರ್ ಯೂ?" ಎಂದರೆ ಐವತ್ತೂ ಜನ ಎದ್ದು ನಿಂತು ಒಂದೇ ರಾಗದಲ್ಲಿ "ಐಯಾಮ್ ಫೈನ್, ಥ್ಯಾಂಕ್ ಯೂ, ಆಂಡ್ ಯೂ?" ಅನ್ನುತ್ತಾರೆ. ಜ್ವರ ಬಂದು ಕಣ್ಣು ಕೆಂಪಾದವನೂ ಅದನ್ನೇ ಹೇಳುತ್ತಾನೆ.

ಹಳೇ ಮೇಷ್ಟ್ರು

ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಚಾಂಗ್‌ಶಾದವರೇ, ಒಂದು ಸಂದೇಹ. ವಾರಕ್ಕೆ ನಲವತ್ತು ನಿಮಿಷ, ಐವತ್ತು ಮಕ್ಕಳು. ಒಂದು ಮಗುವಿನ ಪಾಲಿಗೆ ಒಂದು ನಿಮಿಷವೂ ಬರುವುದಿಲ್ಲ. ಇಷ್ಟಕ್ಕೆ ಹೊರದೇಶದಿಂದ ಒಬ್ಬರನ್ನು ಕರೆಸಿ, ಮನೆ ಕೊಟ್ಟು, ಊರ ಮೇಷ್ಟ್ರಿಗಿಂತ ಹೆಚ್ಚು ಸಂಬಳ ಕೊಡುವುದು ಯಾವ ಲೆಕ್ಕಾಚಾರ? ಅಲ್ಲಿನ ಇಂಗ್ಲಿಷ್ ಮೇಷ್ಟ್ರುಗಳಿಗೆ ಹೊಟ್ಟೆ ಉರಿಯುವುದಿಲ್ಲವೇ?

ಚಾಂಗ್‌ಶಾ ದಾವಣಗೆರೆ

ಮೇಷ್ಟ್ರೇ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ.

ಇಲ್ಲಿ ಇಂಗ್ಲಿಷನ್ನು ನಿಜವಾಗಿ ಹೊರುವವರು ಚೀನೀ ಶಿಕ್ಷಕಿಯರು. ದೇಶದ ನಿಯಮದಂತೆ ಮೂರನೇ ತರಗತಿಯಿಂದ ಇಂಗ್ಲಿಷ್ ಶುರು, ಊರು ದೊಡ್ಡದಾದರೆ ಒಂದರಿಂದಲೇ. ಕೊನೆಗೆ ಜೂನ್ 7ಕ್ಕೆ ಶುರುವಾಗುವ ಗಾವ್‌ಕಾವ್ ಪ್ರವೇಶ ಪರೀಕ್ಷೆ. ನಮ್ಮ ಪಿಯುಸಿ, ಸಿಇಟಿ, ನೀಟ್ ಮೂರನ್ನೂ ಒಂದೇ ಕಡೆ ಬರೆಸಿದರೆ ಎಷ್ಟು ಹೆದರಿಕೆ ಆಗಬೇಕೋ ಅಷ್ಟು. 750 ಅಂಕದಲ್ಲಿ ವಿದೇಶಿ ಭಾಷೆಗೆ 150, ಚೀನೀ ಭಾಷೆಗೂ ಗಣಿತಕ್ಕೂ ಇರುವಷ್ಟೇ. ಆದರೆ ಹೆಚ್ಚಿನ ಪ್ರಾಂತ್ಯಗಳಲ್ಲಿ ಆ 150ರೊಳಗೆ ಮಾತಾಡುವುದಕ್ಕೆ ಒಂದಂಕವೂ ಇಲ್ಲ. ಓದು, ಬರವಣಿಗೆ, ಕೇಳಿಸಿಕೊಳ್ಳುವುದು, ಅಷ್ಟೇ. ನಾನು ಕಲಿಸುತ್ತಿದ್ದದ್ದು ಮಾತಾಡುವುದನ್ನು. ಅಂದರೆ ಪರೀಕ್ಷೆಗೆ ಬಾರದ್ದನ್ನು.

ಹಾಗಾದರೆ ನಾವು ಯಾಕೆ? ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ಒಬ್ಬಳನ್ನು ನಿಲ್ಲಿಸುತ್ತಾರಲ್ಲ, ಆ ಕೆಲಸ ನಮ್ಮದು. ಅವಳಿಲ್ಲದಿದ್ದರೂ ತಾಳಿ ಕಟ್ಟುವುದು ನಿಲ್ಲುವುದಿಲ್ಲ, ಇದ್ದರೆ ಬಂದವರಿಗೆ ಮನೆಯವರ ಅಂತಸ್ತು ಗೊತ್ತಾಗುತ್ತದೆ. ಅಡ್ಮಿಷನ್ ಸಮಯದಲ್ಲಿ ನಮ್ಮ ಫೋಟೊ ಗೇಟಿನ ಬ್ಯಾನರಿನಲ್ಲಿ. ಅಧಿಕಾರಿಗಳು ಬಂದರೆ "ತೆರೆದ ಪಾಠ" ಅಂತ ಒಂದು ನಡೆಯುತ್ತದೆ, ಹಿಂದಿನ ಸಾಲಿನಲ್ಲಿ ಬೇರೆ ಶಾಲೆಯವರೆಲ್ಲ ನೋಟ್‌ಪುಸ್ತಕ ಹಿಡಿದು ಕೂತಿರುತ್ತಾರೆ. ಅದಕ್ಕೆ ಮುಂಚೆ ಅದೇ ಮಕ್ಕಳಿಗೆ ಅದೇ ಪಾಠವನ್ನು ತಿರುಗಿಸಿ ಮುರುಗಿಸಿ ಮಾಡಿಸಿರುತ್ತಾರೆ, ಪ್ರಶ್ನೆ ಬಾಯಿಂದ ಬೀಳುವ ಮೊದಲೇ ಕೈ ಮೇಲೆ.

ಹೊಟ್ಟೆ ಉರಿ? ಇರಬಹುದು, ಇದ್ದರೆ ನ್ಯಾಯವೇ. ನನ್ನ ಪಕ್ಕದ ಮೇಜಿನ ಶಿಕ್ಷಕಿ ಬೆಳಗಿನ ಓದಿನಿಂದ ಹಿಡಿದು ರಾತ್ರಿಯ ಸ್ವಂತ ಓದಿನ ಪಾಳಿವರೆಗೆ ಇರುತ್ತಿದ್ದಳು, ಎರಡು ಸೆಕ್ಷನ್‌ನ ಕಾಪಿ ತಿದ್ದಿ, ಪೋಷಕರ ಫೋನ್ ತೆಗೆದು, ನಡುವೆ ನನಗೆ ಬ್ಯಾಂಕಿನ ಫಾರಂ ಕೂಡ ತುಂಬಿಕೊಟ್ಟು. ನನ್ನ ಸಂಬಳ ಅವಳದಕ್ಕಿಂತ ಹೆಚ್ಚು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಆದರೂ ಈ ಕೆಲಸದಲ್ಲಿ ಒಂದು ಸುಖ ಇದೆ. ಅಂಕದ ಭಯ ಇಲ್ಲದ ಒಂದೇ ಪೀರಿಯಡ್ ನಮ್ಮದು. ಗಣಿತದ ಮೇಷ್ಟ್ರು ಅದನ್ನು ಕಿತ್ತುಕೊಳ್ಳದೆ ಬಿಟ್ಟರೆ (ಪರೀಕ್ಷೆ ಹತ್ತಿರ ಬಂದಾಗ ಬಿಡುವುದಿಲ್ಲ) ಮಕ್ಕಳು ನಗುತ್ತಾರೆ, ಜಗಳವಾಡುತ್ತಾರೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ವರ್ಷವಿಡೀ ತುಟಿ ಬಿಚ್ಚದವನು "ಊರಿನಲ್ಲಿ ಅತ್ಯಂತ ಒಳ್ಳೆ ನೂಡಲ್ ಅಂಗಡಿ ಯಾವುದು" ಎಂಬ ವಾದಕ್ಕೆ ಎದ್ದು ನಿಂತು, ವ್ಯಾಕರಣವನ್ನೆಲ್ಲ ಗಾಳಿಗೆ ತೂರಿ, ಐದು ನಿಮಿಷ ಮಾತಾಡಿದ.

ಮತ್ತೆ, ಯಾವ ಸುದ್ದಿಯೂ ನಮಗೆ ಕೊನೆಗೆ ಮುಟ್ಟುವುದು. "ನಾಳೆ ಕ್ರೀಡಾಕೂಟ, ಕ್ಲಾಸಿಲ್ಲ" ಎಂಬುದು ರಾತ್ರಿ ಹತ್ತಕ್ಕೆ ವೀಚಾಟಿನಲ್ಲಿ (ನಮ್ಮ ವಾಟ್ಸ್ಆ್ಯಪ್‌ನಂಥ ಚೀನೀ ಆ್ಯಪ್) ಬರುತ್ತದೆ. ಅಕ್ಟೋಬರ್ 1ರ ದೊಡ್ಡ ರಜೆ ಕೊಟ್ಟು, ಅದಕ್ಕೆ ಬದಲಾಗಿ ಹಿಂದೆ ಮುಂದೆ ಒಂದು ಶನಿವಾರವೋ ಭಾನುವಾರವೋ ಕೆಲಸ ಮಾಡಿಸುತ್ತಾರೆ. ಅದನ್ನು ತಿಳಿಯದೆ ಬೀಗ ಹಾಕಿ ಊರು ಬಿಟ್ಟ ಫಾರಿನ್ ಟೀಚರ್‌ಗಳ ಕತೆ ಪ್ರತಿ ಶಾಲೆಯಲ್ಲೂ ಇದೆ.

ಬಸವನಗುಡಿ ಬಾಯ್

ಇಷ್ಟೆಲ್ಲಾ ಒದ್ದಾಡಿ ಚೀನಾಗೇ ಯಾಕ್ ಹೋಗ್ಬೇಕು ಗುರು? ದುಬೈನಲ್ಲಿ ಇಂಡಿಯನ್ ಸ್ಕೂಲ್ ಇಲ್ವಾ? ಗಡಿಯಲ್ಲಿ ನಮ್ಮವರು ಪ್ರಾಣ ಕೊಟ್ಟಿದಾರೆ, ಇವ್ರು ಅಲ್ಲಿ ಹೋಗಿ ಎ ಫಾರ್ ಆಪಲ್ ಹೇಳ್ಕೊಡ್ತಾರಂತೆ.

ಕಡಲ್ತೀರ

ಬಸವನಗುಡಿಯವರೇ, ನೀವು ಬರೆದ ಫೋನು ಎಲ್ಲಿ ತಯಾರಾದದ್ದು ಅಂತ ಸ್ವಲ್ಪ ತಿರುಗಿಸಿ ನೋಡಿ ಮಾರಾಯ್ರೆ. ಆ ಚರ್ಚೆಗೆ ಬೇರೆ ಜಾಗ ಉಂಟು.

ನಾನು ಟೀಚರ್ ಅಲ್ಲ, ತಾಯಿ. ಊರು ಮಂಗಳೂರು. ಯಜಮಾನರದ್ದು ಯಿವೂದಲ್ಲಿ ರಫ್ತು ವ್ಯವಹಾರ, ನಮ್ಮ ಮಗ ಇಲ್ಲಿನ ಲೋಕಲ್ ಶಾಲೆಗೇ ಹೋಗುವುದು. ಹೊರದೇಶದ ವ್ಯಾಪಾರಿಗಳ ಮಕ್ಕಳು ಲೋಕಲ್ ಶಾಲೆಯಲ್ಲಿ ಇರುವುದು ಇಲ್ಲಿ ಹೊಸತೇನಲ್ಲ. ಹಾಗಾಗಿ ಫಾರಿನ್ ಟೀಚರ್‌ನ್ನು ನಾನು ಬೆಂಚಿನ ಆಚೆ ಕಡೆಯಿಂದ ನೋಡಿದವಳು. ಮಗನಿಗೆ ಆ ಪೀರಿಯಡ್ ಅಂದ್ರೆ ಜೀವ. ಪಕ್ಕದ ಮನೆಯ ಚೀನೀ ತಾಯಿಗೆ ಅದು ಲೆಕ್ಕಕ್ಕೇ ಇಲ್ಲ. "ಆಟ ಆಡಿಸ್ತಾರಂತೆ, ಹೋಮ್‌ವರ್ಕ್ ಎಲ್ಲಿ?" ಅಂತ ಕೇಳುವುದು ಅವಳು.

ಪೋಷಕರ ವೀಚಾಟ್ ಗುಂಪಿನ ಬಗ್ಗೆ ಯಾರೂ ಹೇಳಲಿಲ್ಲ. ಕ್ಲಾಸ್ ಟೀಚರ್ ಸಂಜೆ ಒಂದು ಸಂದೇಶ ಹಾಕುತ್ತಾರೆ, ನಾಳೆ ಬಿಳಿ ಸಾಕ್ಸ್ ಅಂತಲೋ ಎಂತದೋ. ತಕ್ಷಣ ಅದರ ಕೆಳಗೆ "ಶೌದಾವ್", "ಶೌದಾವ್", "ಶೌದಾವ್", ಮುಟ್ಟಿತು ಅಂತ ಐವತ್ತು ಮನೆಯವರು ಬರೆಯಬೇಕು. ಬರೆಯದಿದ್ರೆ ಹೆಸರು ಹಿಡಿದು ಕರೀತಾರೆ. ನಾನು ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ಎಡಗೈಯಲ್ಲಿ "ಶೌದಾವ್" ಒತ್ತಿದ್ದುಂಟು. ಟೀಚರ್ ಆದವರು ಆ ಗುಂಪಿನಲ್ಲಿ ಸಿಕ್ಕಿ ಬಿದ್ರೆ ರಾತ್ರಿ ಹಗಲಿಲ್ಲ. ಫಾರಿನ್ ಟೀಚರ್‌ನ್ನು ಹೆಚ್ಚಾಗಿ ಅದಕ್ಕೆ ಸೇರಿಸುವುದಿಲ್ಲ, ಅವರ ಪುಣ್ಯ.

ತುಂಗಾತೀರ ಅವ್ರೆ, ಊಟದ ವಿಷಯ. "ವೋ ಛೀ ಸೂ", ನಾನು ಸಸ್ಯಾಹಾರಿ ಅಂತ, ಹೇಳ್ಲಿಕ್ಕೆ ಕಲಿತರೆ ಅರ್ಧ ಆಯ್ತು. ಇನ್ನರ್ಧ ಕಷ್ಟ. ಬೀನ್ಸ್ ಪಲ್ಯ ಅಂತ ತಂದಿಡ್ತಾರೆ, ಕೆದಕಿದ್ರೆ ಅಡಿಯಲ್ಲಿ ಹಂದಿ ಕೈಮಾ. ಅದು ಅವರ ಲೆಕ್ಕದಲ್ಲಿ ಮಾಂಸ ಅಲ್ಲ, ರುಚಿಗೆ ಹಾಕಿದ್ದು. ಸೊಪ್ಪಿಗೆ ಆಯಿಸ್ಟರ್ ಸಾಸ್, ಕೆಲವು ಕಡೆ ಹುರಿಯುವುದು ಹಂದಿ ಕೊಬ್ಬಿನಲ್ಲಿ. ಆಲೂಗಡ್ಡೆಯನ್ನು ನೂಲಿನ ಹಾಗೆ ಹೆಚ್ಚಿ ವಿನೆಗರ್, ಮೆಣಸು ಹಾಕಿ ಹುರಿದದ್ದು, ಟೊಮೆಟೊ ಮೊಟ್ಟೆ, ತೋಫು, ಇವು ಕೈ ಬಿಡುವುದಿಲ್ಲ. ಆದರೂ ಪ್ರತಿ ಸಲ ಕೇಳಿಯೇ ತಿನ್ನಿ. ಬೌದ್ಧ ದೇವಸ್ಥಾನದ ಹತ್ತಿರ ಸಸ್ಯಾಹಾರಿ ಹೋಟೆಲ್ ಇದ್ರೆ ನೀವು ಗೆದ್ದಿರಿ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ, ನಮ್ಮ ಮಠದ ಊಟದ ಹಾಗೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾತ್ರ ರಶ್ ಇರ್ತದೆ, ಆ ದಿನ ತುಂಬಾ ಜನ ಮಾಂಸ ಬಿಡ್ತಾರೆ.

ಯಿವೂ, ಕೆಚಾವ್ ಕಡೆ ಇಂಡಿಯನ್ ಅಂಗಡಿಗಳುಂಟು, ತೊಗರಿಬೇಳೆ, ಹಿಂಗು, ಅವಲಕ್ಕಿ ಎಲ್ಲ ಸಿಗ್ತದೆ. ಬೇರೆ ಊರಾದ್ರೆ ತಾವೊಬಾವೊ ಅಂತ ಇಲ್ಲಿನ ಆನ್‌ಲೈನ್ ಅಂಗಡಿಯಲ್ಲಿ ತರಿಸಬೇಕು. ಹಸಿ ಕರಿಬೇವು ಮಾತ್ರ ನಮ್ಮವರು ಕುಂಡದಲ್ಲಿ ಬೆಳೆಸಿ ಒಬ್ಬರಿಗೊಬ್ಬರು ಕೊಡುವುದು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ, ಹಾಸಿಗೆಯ ಎಲೆಕ್ಟ್ರಿಕ್ ಕಂಬಳಿಯೊಳಗೆ ಪಾತ್ರೆ ಇಟ್ಟು ಮಲಗುವುದು. ಮಗ ಒಮ್ಮೆ ಕಾಲು ಚಾಚಿದ, ಮತ್ತೆ ಕೇಳ್ಬೇಡಿ.

ಧಾರವಾಡ ಪೇಡಾ

ಥಂಡಿ ಅಂದ್ರಿ, ಅದನ್ನ ಹೊಸಬರು ತಿಳ್ಕೊಂಡಿರಬೇಕು. ಹುವೈ ನದಿ, ಛಿನ್‌ಲಿಂಗ್ ಬೆಟ್ಟ ಒಂದು ಗೆರಿ ಇದ್ದಂಗ. ಅದರ ಉತ್ತರಕ್ಕ ಸರ್ಕಾರದ ಕೊಳವಿ ಬಿಸಿ, ಬೀಜಿಂಗ್‌ದಾಗ ನವೆಂಬರ್ 15ರಿಂದ ಮಾರ್ಚ್ 15ರ ತನಕ. ದಕ್ಷಿಣಕ್ಕ ಅದಿಲ್ಲ. ಹಿಂಗಾಗಿ ಹೊರಗ ಮೈನಸ್ ಹತ್ತು ಇರೋ ಬೀಜಿಂಗ್‌ದಾಗ ಮನ್ಯಾಗ ಬನಿಯನ್ ಮ್ಯಾಲೆ ಕೂಡ್ತಾರ, ಐದು ಡಿಗ್ರಿ ಇರೋ ನಮ್ಮ ಸುಝೌದಾಗ ಕೋಟ್ ಹಾಕ್ಕೊಂಡ ಊಟಾ ಮಾಡ್ತೀವಿ. ಕ್ಲಾಸಿನ್ಯಾಗ ಎ.ಸಿ. ಬಿಸಿಗೆ ಹಚ್ಚತಾರ, ಅಷ್ಟರಾಗ ಯಾರೋ ಒಬ್ಬರು ಬಂದು ಗಾಳಿ ಆಡಲಿ ಅಂತ ಕಿಡಕಿ ತಗೀತಾರ.

ತುಂಗಾತೀರ

ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಏಜೆಂಟ್‌ಗೆ ಆಗಲ್ಲ ಅಂತ ಹೇಳಿಬಿಟ್ಟೆ. ಅದಕ್ಕವನು ಸಂಬಳ 16,000 ಮಾಡ್ತೀನಿ ಅಂದ. ವೀಸಾ ಬದಲಾಯಿಸ್ತೀನಿ ಅನ್ನಲಿಲ್ಲ, ನೋಡಿ.

ಈಗ ಎರಡು ಪ್ರಶ್ನೆ. ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡು ಸರಿಯಾದ ದಾರಿ ಏನಾದ್ರೂ ಇದ್ಯಾ? ಇನ್ನೊಂದು, ಅಮ್ಮ ಒಬ್ಬರೇ ಇರೋದು. ಅಲ್ಲಿ ವಾಟ್ಸ್ಆ್ಯಪ್ ನಡೆಯಲ್ಲ ಅಂತಾರೆ, ದಿನಾ ಮಾತಾಡೋದು ಹೇಗೆ?

ಚಾಂಗ್‌ಶಾ ದಾವಣಗೆರೆ

ಎರಡನೆಯದಕ್ಕೆ ನಾನು. ಇದರಲ್ಲಿ ನಾವು ಎರಡೂ ಕಡೆ ಸಿಕ್ಕಿಬಿದ್ದವರು. ವಾಟ್ಸ್ಆ್ಯಪ್, ಗೂಗಲ್, ಯೂಟ್ಯೂಬ್ ಅಲ್ಲಿ ಬಂದ್. ವೀಚಾಟ್ ನಮ್ಮಲ್ಲಿ ಬಂದ್, 2020ರ ಜೂನ್‌ನಲ್ಲಿ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಇತ್ತು. ಅಮೆರಿಕದವನ ಅಮ್ಮ ವೀಚಾಟ್ ಹಾಕಿಕೊಂಡು ಮಗನ ಜತೆ ಮಾತಾಡಬಹುದು, ದಾವಣಗೆರೆಯ ನಮ್ಮಮ್ಮನಿಗೆ ಆ ದಾರಿಯೂ ಇಲ್ಲ. ಈ ತಡೆಯನ್ನು ದಾಟಿಸುವ ವಿಪಿಎನ್ ಆ್ಯಪ್ ಬಹಳ ಜನ ಬಳಸುತ್ತಾರೆ, ಆದರೆ ಅದು ಅಲ್ಲಿ ಕಾನೂನಿನ ಮಬ್ಬುಗತ್ತಲೆ. ದೊಡ್ಡ ಸರ್ಕಾರಿ ಸಭೆಗಳ ದಿನಗಳಲ್ಲಿ ಎಳೆಯುತ್ತದೆ, ಕಡಿಯುತ್ತದೆ. ಇಬ್ಬರ ಹತ್ತಿರವೂ ಐಫೋನ್ ಇದ್ದರೆ ಫೇಸ್‌ಟೈಮ್ ನಡೆಯುತ್ತದೆ. ಇನ್ನೊಂದು, ಹೊರದೇಶದ ಸಿಮ್‌ನಲ್ಲಿ ರೋಮಿಂಗ್ ಹಾಕಿಸಿಕೊಂಡರೆ ಆ ಡೇಟಾದಲ್ಲಿ ವಾಟ್ಸ್ಆ್ಯಪ್ ತೆರೆಯುತ್ತದೆ, ದುಡ್ಡು ಜಾಸ್ತಿ. ನಾನು ನಮ್ಮಮ್ಮನಿಗೆ ಹಳೇ ಐಫೋನ್ ಒಂದನ್ನು ಕಳಿಸಿದೆ. ಕರೆ ಬಂದಾಗ ಹಸಿರು ಗುಂಡಿ ಒತ್ತುವುದೊಂದನ್ನು ಪಕ್ಕದ ಮನೆಯ ಹುಡುಗ ಕಲಿಸಿಕೊಟ್ಟ.

ಬಂದು ಹೋಗುವುದು ಈಗ ಪರವಾಗಿಲ್ಲ. 2020ರಿಂದ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್ ಕೊನೆಯಲ್ಲಿ ಕೋಲ್ಕತ್ತಾ–ಗ್ವಾಂಗ್‌ಝೌ ಮಾರ್ಗದಿಂದ ಮತ್ತೆ ಶುರುವಾಯಿತು. ಅದಕ್ಕೆ ಮುಂಚೆ ಬ್ಯಾಂಕಾಕ್, ಸಿಂಗಾಪುರ, ಹಾಂಗ್‌ಕಾಂಗ್ ಅಂತ ಸುತ್ತಿ ಸುತ್ತಿ ಬರಬೇಕಿತ್ತು.

ಧಾರವಾಡ ಪೇಡಾ

ದಾರಿ ಸುದ್ದಿ ನಾ ಹೇಳ್ತೀನಿ. ಭಾಷಾ ಕಲಸೋರಿಗೆ ಮಾತೃಭಾಷೆ ನಿಯಮ. ವಿಷಯ ಕಲಸೋರಿಗೆ ಅದು ಇಲ್ಲ. ಗಣಿತ, ಫಿಜಿಕ್ಸ್, ಕೆಮಿಸ್ಟ್ರಿ, ಎಕನಾಮಿಕ್ಸ್, ಕಂಪ್ಯೂಟರ್ ಇವುಗಳಿಗೆ ಡಿಗ್ರಿ, ಅನುಭವ ನೋಡ್ತಾರ. ಗಾವ್‌ಕಾವ್ ಬರೀದ ಬ್ರಿಟನ್, ಅಮೆರಿಕಾಕ್ಕ ಹೋಗಬೇಕಂತ ಇರೋ ಮಕ್ಕಳಿಗೆ ಎ ಲೆವೆಲ್, ಐ.ಬಿ. ಅನ್ನೋ ವಿದೇಶಿ ಸಿಲಬಸ್ ನಡಸೋ ಶಾಲೆಗಳು ಪ್ರತಿ ದೊಡ್ಡ ಊರಾಗೂ ಅದಾವ, ಅಲ್ಲಿ ಭಾರತದವರು ಸಾಕಷ್ಟು ಮಂದಿ ಇದ್ದೀವಿ. 2017ರಿಂದ ಕೆಲಸದ ಪರವಾನಗಿ ಎ, ಬಿ, ಸಿ ಅಂತ ಮೂರು ದರ್ಜೆ, ಟೀಚರ್‌ಗಳು ಸಾಮಾನ್ಯ ಬಿ ದರ್ಜೆಗೆ ಬರ್ತಾರ.

ದಾವಣಗೆರೆಯವರು ಪನ್ನೀರು ಅಂದ್ರು. ಅವರ ಮಟ್ಟಿಗೆ ಖರೆ ಇರಬಹುದು. ನಮ್ಮ ಕಡೆ ಹಂಗಿಲ್ರಿ. ನನ್ನ ಹುಡುಗರ ಫಿಜಿಕ್ಸ್ ಗ್ರೇಡ್ ಬಿದ್ರ ತಾಯಂದಿರು ನನ್ನ ಮೇಜಿನ ಮುಂದ ಬಂದು ನಿಲ್ಲತಾರ. ಸಂಜಿ ಆರಕ್ಕ ಮನಿಗೆ ಬರೂದು ಕಮ್ಮಿ. ಇಂಗ್ಲಿಷ್ ಭಾಷಾ ತೊಡಕಿನಿಂದ ಪ್ರಶ್ನೆ ತಿಳೀದ ಅಂಕಾ ಕಳಕೊಳ್ಳೋ ಹುಡುಗರ ಜೋಡಿ ರಾತ್ರಿ ಓದಿನ ತಾಸಿನ್ಯಾಗ ಕೂತು ಒಂದೊಂದ ವಾಕ್ಯ ಬಿಡಿಸಿ ಹೇಳಬೇಕು. "ಹೆನ್ಸ್" ಅಂದ್ರೇನು, "ಸ್ಟೇಟ್" ಅಂದ್ರ ಬರೇ ಉತ್ತರಾ, "ಎಕ್ಸ್‌ಪ್ಲೇನ್" ಅಂದ್ರ ಕಾರಣಾ ಸೈತ. ಲೆಕ್ಕಾ ನನಗಿಂತ ಲಗೂ ಮಾಡ್ತಾವ ಹುಡುಗೂರು, ಬರಿಯಾಕ ಅಂಜತಾವ.

ಚಾಂಗ್‌ಶಾ ದಾವಣಗೆರೆ

ಒಪ್ಪಿದೆ ಪೇಡಾ, ನಿಮ್ಮದು ನಿಜವಾದ ಮೇಷ್ಟ್ರಗಿರಿ. ಆದರೆ ನಿಮ್ಮ ಮಕ್ಕಳ ಅಪ್ಪಂದಿರು ವರ್ಷಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಯುವಾನ್ ಫೀಸು ಕಟ್ಟುವವರು. ಸರ್ಕಾರಿ ಶಾಲೆಯ ಐವತ್ತು ಜನರಲ್ಲಿ ಬಹಳ ಮಂದಿ ಹುಟ್ಟಿದಾರಭ್ಯ ಮಾತಾಡಿಸಿದ ಹೊರದೇಶದವನು ನಾನೊಬ್ಬನೇ. ಅದೂ ಕಂದು ಬಣ್ಣದವನು. ಮೊದಲ ದಿನ "ನೀನು ಕೆನಡಾದವನ ಥರ ಕಾಣಲ್ಲ" ಅಂತ ಒಬ್ಬಳು ನೇರವಾಗಿಯೇ ಹೇಳಿದಳು. ದಾವಣಗೆರೆಯಿಂದ ಶುರುಮಾಡಿ ಬೋರ್ಡಿನ ಮೇಲೆ ನಕ್ಷೆ ಬರೆದು ಇಡೀ ಪೀರಿಯಡ್ ಅದಕ್ಕೇ ಹೋಯಿತು. ಆ ಪಾಠ ಪರೀಕ್ಷೆಗೆ ಬರದಿದ್ದರೆ ಬೇಡ.

ಹಳೇ ಮೇಷ್ಟ್ರು

ಬಣ್ಣದ ಮಾತು ಬಂದದ್ದರಿಂದ ಕೇಳುತ್ತೇನೆ. ಅವಮಾನ ಎನಿಸಿದ್ದುಂಟೇ?

ಧಾರವಾಡ ಪೇಡಾ

ನೌಕರಿ ಹುಡಕೋವಾಗ ಉಂಟ್ರಿ ಸರ್. ಫೋಟೊ ನೋಡಿ ಸುಮ್ಮನಾದವರು ಅದಾರ, "ಪೋಷಕರಿಗೆ ಬಿಳಿಯರ ಬೇಕು" ಅಂತ ಬಾಯಿ ಬಿಟ್ಟು ಅಂದ ಏಜೆಂಟರೂ ಅದಾರ. ಒಮ್ಮೆ ಕ್ಲಾಸಿನೊಳಗ ಹೋದ ಮ್ಯಾಲೆ ಅದು ಉಳಿಯಂಗಿಲ್ಲ, ಕಲಸಾಕ ಬರ್ತದೋ ಇಲ್ಲೋ ಅಷ್ಟ ನೋಡ್ತಾರ. ಓಣ್ಯಾಗ, ಟ್ಯಾಕ್ಸಿಯೊಳಗ "ಯಿನ್‌ದು", ಚೀನೀ ಭಾಷಾದಾಗ ಭಾರತ, ಅಂತ ಹೇಳಿದ್ರ ಸಾಕು, ಆಮಿರ್ ಖಾನ್ ಸುದ್ದಿ ಶುರು. ಗಡಿ ಜಗಳದ ಮಾತ ಯಾರೂ ತಗದಿಲ್ಲ, ನಾನೂ ತಗಿಯಂಗಿಲ್ಲ. ಸೆಪ್ಟೆಂಬರ್ 10 ಇಲ್ಲಿ ಶಿಕ್ಷಕರ ದಿನ, 1985ರಿಂದ. ನಮ್ಮದು 5ಕ್ಕ ಅಂತ ಹೇಳಿದ್ದಕ್ಕ ಹುಡುಗೂರು ಮುಂದಿನ ವರ್ಷ ಎರಡೂ ದಿನ ಕಾರ್ಡ್ ಕೊಟ್ರು. ಎರಡರಾಗೂ ನನ್ನ ಮೂಗು ದೊಡ್ಡದು ಬರದಿದ್ರು.

ತುಂಗಾತೀರ

ಪೇಡಾ ಅವರೇ, ನನ್ನದು ಇಂಗ್ಲಿಷ್ ಎಂ.ಎ. ವಿಷಯ ಬದಲಾಯಿಸೋಕೆ ಆಗಲ್ಲ. ಬ್ರಿಟಿಷ್ ಸಿಲಬಸ್‌ನ ಐಜಿಸಿಎಸ್‌ಇ ಶಾಲೆಗಳಲ್ಲಿ ಇಂಗ್ಲಿಷ್ ಲಿಟರೇಚರ್ ಇರುತ್ತಲ್ಲ, ಅದು ಭಾಷೆ ಲೆಕ್ಕವೋ ವಿಷಯದ ಲೆಕ್ಕವೋ?

ಧಾರವಾಡ ಪೇಡಾ

ಅಲ್ಲೇ ಗಂಟದ. ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಸೋ ಹುದ್ದೆ ಅಂದ್ರ ಭಾಷೆ ಲೆಕ್ಕನ, ಪಾಸ್‌ಪೋರ್ಟ್ ಕೇಳ್ತಾರ. ಲಿಟರೇಚರ್, ಗ್ಲೋಬಲ್ ಪರ್ಸ್‌ಪೆಕ್ಟಿವ್ಸ್, ಲೈಬ್ರರಿ, ಇಂಥಾ ಹುದ್ದೆಗೆ ಊರಿಂದ ಊರಿಗೆ ಫರಕ್ ಅದ. ನಮ್ಮ ಸ್ಟಾಫಿನ್ಯಾಗ ಒಬ್ಬ ಕೇರಳದ ಟೀಚರ್ ಬ್ರಿಟನ್‌ದಾಗ ಪಿಜಿ ಮಾಡಿ ಬಂದಾರ, ಅವರ ಪರವಾನಗಿ ಆಗೇದ. ಅದ ಕಾಗದದ ಮ್ಯಾಲೆ ಬ್ಯಾರೆ ಊರಾಗ ಆಗ್ತದ ಅಂತ ಭರವಸೆ ಕೊಡಾಕ ಬರಂಗಿಲ್ಲ.

ಹಂಗಾಗಿ ಅರ್ಜಿ ಹಾಕೋವಾಗ ಏಜೆಂಟ್ ಬ್ಯಾಡ, ಶಾಲೆಯ ಎಚ್.ಆರ್.ಗೆ ಸೀದಾ ಬರೀರಿ. ಸೂಚನಾಪತ್ರ ಯಾವ ಸಂಸ್ಥೆ ಹೆಸರಿನ್ಯಾಗ ಬರ್ತದ, ಅದರಾಗ ನನ್ನ ಹುದ್ದೆ ಏನಂತ ಬರೀತೀರಿ, ಇದೇ ಹುದ್ದೆಗೆ ಹಿಂದ ಭಾರತದವರಿಗೆ ಪರವಾನಗಿ ಆಗೇದ ಏನು, ಅಂತ ಕೇಳ್ರಿ. ಉತ್ತರಾ ತಿರುಚಿದ್ರ ಬಿಟ್ಟ ಬಿಡ್ರಿ. ಒಪ್ಪಂದದಾಗ ಇನ್ನೊಂದ ನೋಡ್ರಿ: ಪರವಾನಗಿ ಒಬ್ಬ ಮಾಲಕಗ ಕಟ್ಟಿರ್ತದ, ಬ್ಯಾರೆ ಶಾಲೆಗೆ ಹೋಗಬೇಕಂದ್ರ ಹಳೇ ಶಾಲೆಯ ರಿಲೀಸ್ ಲೆಟರ್ ಬೇಕು. ಅದನ್ನ ಎಷ್ಟು ದಿನದಾಗ ಕೊಡ್ತಾರ ಅಂತ ಬರಸ್ಕೋರಿ.

ತುಂಗಾತೀರ

ಬರೆದಿಟ್ಕೊಂಡೆ. ಕಾಗದಪತ್ರ ಈಗಿಂದಲೇ ಶುರು ಮಾಡ್ಲಾ, ಆಫರ್ ಬರಲಿ ಅಂತ ಕಾಯ್ಲಾ?

ಕಡಲ್ತೀರ

ಡಿಗ್ರಿ ದೃಢೀಕರಣ ಮೊದಲು ಮಾಡಿಸಿ. ರಾಜ್ಯದ್ದು, ದೆಹಲಿಯ ವಿದೇಶಾಂಗದ್ದು, ಆಮೇಲೆ ಚೀನಾ ಕಡೆಯದ್ದು ಅಂತ ಸುತ್ತುತ್ತದೆ, ಸಮಯ ತಿನ್ನುವುದು ಅದೇ. ಪೊಲೀಸ್ ಕ್ಲಿಯರೆನ್ಸ್ ಈಗಲೇ ತೆಗೆದಿಟ್ರೆ ಹಳತಾಗ್ತದೆ, ಅದು ಆಫರ್ ಬಂದ ಮೇಲೆ ಸಾಕು. ಇಲ್ಲಿ ಬಂದ ಮೇಲೆ ಒಂದು ಮೆಡಿಕಲ್ ಉಂಟು, ರಕ್ತ, ಎಕ್ಸ್‌ರೇ, ಇಸಿಜಿ, ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕು. ಮನೆಯಲ್ಲಿ ಉಳಿಯಲಿಕ್ಕೆ ಶುರು ಮಾಡಿದ 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ವಿಳಾಸ ಬರೆಸಬೇಕು, ಹೋಟೆಲಾದ್ರೆ ಅವರೇ ಮಾಡ್ತಾರೆ. ಮನೆ ಓನರ್‌ನ್ನು ಜತೆಗೇ ಕರ್ಕೊಂಡು ಹೋಗಿ, ಬಾಡಿಗೆ ಕರಾರು ಕೇಳ್ತಾರೆ.

ಧಾರವಾಡ ಪೇಡಾ

ಮತ್ತ ಅಕ್ಕಾರ, ಎಂ.ಎ., ಬಿ.ಎಡ್. ಎರಡೂ ದೃಢೀಕರಣ ಮಾಡಸ್ರಿ. ಬರೇ ಒಂದ ಸಾಕು ಅಂತ ಒಬ್ಬರು ಅಂತಾರ, ಇಲ್ಲಿ ಬಂದ ಮ್ಯಾಲೆ ಇನ್ನೊಂದು ಎಲ್ಲಿ ಅಂತ ಇನ್ನೊಬ್ಬರು ಕೇಳ್ತಾರ. ಸರ್ಟಿಫಿಕೇಟಿನ್ಯಾಗ ಇರೋ ಹೆಸರು, ಪಾಸ್‌ಪೋರ್ಟಿನ್ಯಾಗ ಇರೋ ಹೆಸರು ಅಕ್ಷರ ಅಕ್ಷರ ಒಂದ ಇರಬೇಕು. ನಮ್ಮ ಕಡೆ ಇನಿಷಿಯಲ್ ಹಿಂದ ಮುಂದ ಇರ್ತಾವಲ್ಲ, ಇವತ್ತ ರಾತ್ರಿ ಅದನ್ನ ತಗದ ನೋಡ್ರಿ, ಬ್ಯಾರೆ ಇದ್ರ ತಿದ್ದುಪಡಿಗೆ ನಾಳೆನ ಹಾಕ್ರಿ.